ಚುಕ್ಕಿಯ ಲಿವರ್ ಶಂಟ್: ದುಡ್ಡು ಎಲ್ಲಿ ಉಳಿಸಿದೆ, ಎಲ್ಲಿ ಉಳಿಸಲಿಲ್ಲ

ಊಟ ಆಗಿ ಮುಕ್ಕಾಲು ಗಂಟೆ ಕಳೆಯಿತು ಅನ್ನುವಾಗ ನಮ್ಮ ನಾಯಿ ಚುಕ್ಕಿ ಹಾಲ್‌ನ ಮೂಲೆಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಬಾಯಿಂದ ಸಣ್ಣಗೆ ಜೊಲ್ಲು. ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಬಂದು ಮಡಿಲಲ್ಲಿ ಮಲಗುತ್ತಿದ್ದಳು. ಮೊದಮೊದಲು ನಾವು ನಕ್ಕಿದ್ದೆವು. ವಿಡಿಯೊ ಕೂಡ ಮಾಡಿದ್ದೆವು. ಆ ನಗು ಈಗ ಕೇಳಿಸಿಕೊಳ್ಳೋಕೆ ಆಗಲ್ಲ. ಆದರೆ ಆ ವಿಡಿಯೊ ಮುಂದೆ ಬಹಳ ಕೆಲಸಕ್ಕೆ ಬಂತು.

ಅವಳು ಯಾರ್ಕ್‌ಶೈರ್ ಟೆರಿಯರ್. ಎಂಟು ತಿಂಗಳಿಗೆ ತೂಕ 1.7 ಕಿಲೊ. ಒಂದೇ ಸೂಲಿನಲ್ಲಿ ಹುಟ್ಟಿದ ಅವಳ ಅಣ್ಣ ಆಗಲೇ ಎರಡೂವರೆ ಕಿಲೊ ದಾಟಿದ್ದ. ನಾವು ಮೊದಲು ತೋರಿಸಿದ ಡಾಕ್ಟರು "ಸಣ್ಣ ಜಾತಿ, ಹೀಗೇ ಇರುತ್ತೆ" ಎಂದು ಜಂತುಹುಳುವಿನ ಔಷಧಿ ಕೊಟ್ಟರು. ಒಂದು ಸಂಜೆ ಫಿಟ್ಸ್ ಬಂದಾಗ ಅದೇ ಜಾಗದಲ್ಲಿ ಫಿಟ್ಸ್ ಮಾತ್ರೆ ಬರೆದುಕೊಟ್ಟರು, ಜೀವನಪೂರ್ತಿ ಕೊಡಬೇಕು ಎಂದರು. ಒಂದು ರಕ್ತ ಪರೀಕ್ಷೆಯನ್ನೂ ಮಾಡಿದ್ದರು. "ದೊಡ್ಡದೇನಿಲ್ಲ" ಎಂದು ಆ ಹಾಳೆಯನ್ನು ಮಡಚಿ ಕೈಗಿಟ್ಟರು.

ಮಾತ್ರೆ ಶುರು ಮಾಡುವ ಮೊದಲು ಇನ್ನೊಬ್ಬರನ್ನು ಕೇಳೋಣ ಅನ್ನಿಸಿತು. ಅಷ್ಟರಲ್ಲಿ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಎಷ್ಟು ಹೊತ್ತಿಗೆ ಊಟ, ಏನು ಊಟ, ಎಷ್ಟು ಹೊತ್ತಿಗೆ ಮಂಕು. 23 ದಿನದಲ್ಲಿ 11 ಸಲ ಹಾಗಾಗಿತ್ತು, ಅದರಲ್ಲಿ 9 ಸಲ ಮಾಂಸ ತಿಂದು ಎರಡು ಗಂಟೆಯ ಒಳಗೆ. ಎರಡನೇ ಡಾಕ್ಟರು ನಾಯಿಯನ್ನು ಮುಟ್ಟುವ ಮೊದಲು ನೋಟ್‌ಬುಕ್ ಓದಿದರು, ವಿಡಿಯೊ ನೋಡಿದರು, ಆಮೇಲೆ ಆ ಮಡಚಿದ ಹಾಳೆ ಕೇಳಿದರು. ಪೆನ್ನಿನಿಂದ ಮೂರು ಕಡೆ ಗೆರೆ ಎಳೆದರು. ಯೂರಿಯಾ ಕಡಿಮೆ, ಲಿವರ್ ತಯಾರಿಸುವ ಆಲ್ಬುಮಿನ್ ಅನ್ನುವ ಪ್ರೋಟೀನ್ ಕಡಿಮೆ, ಕೆಂಪು ರಕ್ತಕಣಗಳ ಗಾತ್ರ ಸಣ್ಣದು. "ಒಂದೊಂದೇ ನೋಡಿದರೆ ಏನೂ ಅಲ್ಲ. ಮೂರೂ ಒಟ್ಟಿಗೆ ಇದ್ದರೆ ನನಗೆ ಲಿವರ್ ಶಂಟ್ ಅನುಮಾನ" ಎಂದರು. ಅಂದರೆ ನಾವು ಆಗಲೇ ದುಡ್ಡು ಕೊಟ್ಟು ಮಾಡಿಸಿದ್ದ ಟೆಸ್ಟ್‌ನಲ್ಲೇ ಅರ್ಧ ಉತ್ತರ ಇತ್ತು.

ಶಂಟ್ ಅಂದರೆ ಏನು ಎಂದು ಅವರು ಹೇಳಿದ್ದು ಹೀಗೆ. ಕರುಳಿನಿಂದ ಬರುವ ರಕ್ತ ಪೋರ್ಟಲ್ ವೇನ್ ಅನ್ನುವ ದೊಡ್ಡ ನಾಳದಲ್ಲಿ ನೇರ ಲಿವರ್‌ಗೆ ಹೋಗಬೇಕು. ಲಿವರ್ ಒಂದು ಚೆಕ್‌ಪೋಸ್ಟ್. ಅಲ್ಲಿ ವಿಷವೆಲ್ಲ ತಡೆಯಲ್ಪಡುತ್ತದೆ, ಅಮೋನಿಯಾ ಯೂರಿಯಾ ಆಗುತ್ತದೆ. ಶಂಟ್ ಇರುವ ನಾಯಿಯಲ್ಲಿ ಚೆಕ್‌ಪೋಸ್ಟ್ ತಪ್ಪಿಸುವ ಒಂದು ಅಡ್ಡದಾರಿ ಹುಟ್ಟಿನಿಂದಲೇ ಇರುತ್ತದೆ. ರಕ್ತ ಶುದ್ಧವಾಗದೆ ಮಿದುಳಿಗೆ ಹೋಗುತ್ತದೆ. ಊಟ ಆದಮೇಲೆ ಮಂಕಾಗೋದು ಅದಕ್ಕೇ. ಇತ್ತ ಲಿವರ್‌ಗೆ ಬರಬೇಕಾದ ರಕ್ತ ಬರದೆ ಅದು ಬೆಳೆಯೋದೇ ಇಲ್ಲ. ಸಣ್ಣ ಜಾತಿಗಳಲ್ಲಿ ಈ ಅಡ್ಡದಾರಿ ಸಾಮಾನ್ಯವಾಗಿ ಲಿವರ್‌ನ ಹೊರಗಿರುತ್ತದೆ, ದೊಡ್ಡ ಜಾತಿಗಳಲ್ಲಿ ಒಳಗೆ. ಹೊರಗಿದ್ದರೆ ಆಪರೇಷನ್ ಸುಲಭ. ಆ ಮಟ್ಟಿಗೆ ನಮ್ಮ ಅದೃಷ್ಟ.

ನನ್ನ ಕೈಲಿ ಎಷ್ಟಿದೆ ಅನ್ನೋದನ್ನು ಅವತ್ತೇ ಅವರಿಗೆ ಹೇಳಿದೆ. ಮುಜುಗರ ಆಯಿತು, ನಿಜ. ಆದರೆ ಅವರು ಮುಖ ಸಣ್ಣ ಮಾಡಲಿಲ್ಲ. "ಹಾಗಾದರೆ ಪ್ರತಿ ಟೆಸ್ಟ್‌ಗೂ ಒಂದು ಪ್ರಶ್ನೆ ಕೇಳೋಣ. ರಿಪೋರ್ಟ್ ಹೇಗೇ ಬರಲಿ, ಅದರಿಂದ ನಾವು ಮುಂದೆ ಮಾಡೋದು ಬದಲಾಗುತ್ತಾ? ಇಲ್ಲ ಅಂದರೆ ಬಿಡೋಣ" ಎಂದರು. ಮುಂದಿನ ನಾಲ್ಕು ತಿಂಗಳು ನಾನು ಎಲ್ಲರಿಗೂ ಕೇಳಿದ್ದು ಈ ಒಂದೇ ಪ್ರಶ್ನೆ.

ಮೊದಲು ಮೂತ್ರ. ಇದು ಅಗ್ಗದ ಟೆಸ್ಟ್. ಬೆಳಿಗ್ಗೆ ಅವಳು ಕೂತ ಕೂಡಲೇ ಸೌಟೊಂದನ್ನು ಕೆಳಗೆ ಹಿಡಿದು ನಾನೇ ತೆಗೆದೆ. ಮೈಕ್ರೋಸ್ಕೋಪಿನಲ್ಲಿ ಕಂದು ಬಣ್ಣದ, ಮುಳ್ಳುಮುಳ್ಳಾದ ಅಮೋನಿಯಂ ಯೂರೇಟ್ ಹರಳು ಕಂಡಿತು. ಡಾಕ್ಟರು ನನಗೂ ತೋರಿಸಿದರು. ಅನುಮಾನ ಗಟ್ಟಿಯಾಯಿತು.

ಆಮೇಲೆ ಬೈಲ್ ಆಸಿಡ್ ಟೆಸ್ಟ್. ಬೈಲ್ ಆಸಿಡ್ ಅಂದರೆ ಪಿತ್ತರಸದ ಆಮ್ಲ, ಲಿವರ್ ಅದನ್ನು ವಾಪಸ್ ಎಳೆದುಕೊಳ್ಳದಿದ್ದರೆ ರಕ್ತದಲ್ಲಿ ಏರುತ್ತದೆ. ಇದರಲ್ಲಿ ಎರಡು ಸಲ ರಕ್ತ ತೆಗೆಯುತ್ತಾರೆ. 12 ಗಂಟೆ ಉಪವಾಸದ ನಂತರ ಒಂದು, ಊಟ ಕೊಟ್ಟು ಎರಡು ಗಂಟೆ ಆದಮೇಲೆ ಇನ್ನೊಂದು. ತೀರಾ ಪುಟ್ಟ ಮರಿಯನ್ನು ಅಷ್ಟು ಹೊತ್ತು ಹಸಿದಿಡೋದು ಅಪಾಯ, ಸಕ್ಕರೆ ಇಳಿದುಬಿಡುತ್ತದೆ. ಎಷ್ಟು ಗಂಟೆ ಎಂದು ಡಾಕ್ಟರನ್ನೇ ಕೇಳಬೇಕು. ನಮ್ಮ ಮೊದಲ ಪ್ರಯತ್ನ ಹಾಳಾಯಿತು. ಕ್ಲಿನಿಕ್ ಬಾಗಿಲಲ್ಲಿ ನನ್ನ ಮಗ ಮೆಲ್ಲಗೆ "ಅಮ್ಮಾ, ಬೆಳಿಗ್ಗೆ ಒಂದೇ ಒಂದು ಬಿಸ್ಕತ್ತು ಕೊಟ್ಟೆ, ಪಾಪ ನೋಡ್ತಾ ಇದ್ದಳು" ಅಂದ. ಬೈಯಲು ಬಾಯಿ ಬರಲಿಲ್ಲ. ರಕ್ತ ತೆಗೆಯುವ ಮೊದಲೇ ಹೇಳಿದನಲ್ಲ, ಬಿಲ್ ಉಳಿಯಿತು. ಎರಡನೇ ಸಲ ಡಬ್ಬಕ್ಕೆ ಟೇಪ್ ಸುತ್ತಿ ಮೇಲೆ ಇಟ್ಟೆ. ಇನ್ನೊಂದು ಸಣ್ಣ ವಿಷಯ. ಕ್ಲಿನಿಕ್‌ನಲ್ಲಿ ಕೊಡುವ ಊಟವನ್ನು ಗಾಬರಿಗೆ ಎಷ್ಟೋ ನಾಯಿಗಳು ಮುಟ್ಟಲ್ಲ. ತಿನ್ನದಿದ್ದರೆ ಎರಡನೇ ರಕ್ತಕ್ಕೆ ಅರ್ಥವಿಲ್ಲ. ನಾನು ಮನೆಯ ಊಟವನ್ನೇ ಅವಳ ತಟ್ಟೆ ಸಮೇತ ಒಯ್ದಿದ್ದೆ.

ನಮ್ಮ ಲ್ಯಾಬ್ ಲೆಕ್ಕದಲ್ಲಿ ಊಟದ ನಂತರ ಲೀಟರಿಗೆ 25 ಮೈಕ್ರೋಮೋಲ್ ಒಳಗಿರಬೇಕು. ಚುಕ್ಕಿಯದು ಊಟಕ್ಕೆ ಮೊದಲು 64, ಆಮೇಲೆ 187.

ಇಷ್ಟು ಬಂದರೂ ಇದು ಶಂಟೇ ಎಂದು ಸಾಬೀತಾಗಲಿಲ್ಲ. ಲಿವರ್ ಒಳಗಿನ ಸಣ್ಣ ಸಣ್ಣ ರಕ್ತನಾಳಗಳೇ ಸರಿಯಾಗಿ ಬೆಳೆಯದ ಇನ್ನೊಂದು ತೊಂದರೆ ಇದೆ. ಇದೇ ಸಣ್ಣ ಜಾತಿಗಳಲ್ಲಿ ಬರುತ್ತದೆ, ಬೈಲ್ ಆಸಿಡ್ ಅದರಲ್ಲೂ ಏರುತ್ತದೆ, ಆದರೆ ಅದಕ್ಕೆ ಆಪರೇಷನ್ ಇಲ್ಲ. ಆ ನಾಯಿಗಳು ಸಾಮಾನ್ಯವಾಗಿ ಆರಾಮಾಗೇ ಇರುತ್ತವೆ. ಎರಡನ್ನೂ ಬೇರೆ ಮಾಡಿ ತಿಳಿಯಲು ಪ್ರೋಟೀನ್ ಸಿ ಅನ್ನುವ ರಕ್ತ ಪರೀಕ್ಷೆ ಇದೆ. 70 ಶೇಕಡಾಕ್ಕಿಂತ ಕಡಿಮೆ ಬಂದರೆ ಶಂಟ್ ಕಡೆಗೆ ವಾಲುತ್ತದೆ. ನಾಯಿ ಲವಲವಿಕೆಯಿಂದಿದ್ದು ಬೈಲ್ ಆಸಿಡ್ ಮಾತ್ರ ಜಾಸ್ತಿ ಇದ್ದರೆ ಇದು ಒಳ್ಳೆ ಖರ್ಚು, ದೊಡ್ಡ ಸ್ಕ್ಯಾನ್ ತಪ್ಪಬಹುದು. ಚುಕ್ಕಿಗೆ ಫಿಟ್ಸ್ ಬಂದಿತ್ತು, ಹರಳು ಇತ್ತು, ಮೈ ಬೆಳೆದಿರಲಿಲ್ಲ. ಪ್ರೋಟೀನ್ ಸಿ ಏನೇ ಹೇಳಿದರೂ ಸ್ಕ್ಯಾನ್ ಬೇಕೇ ಇತ್ತು. ಬಿಟ್ಟೆವು. ಅಮೋನಿಯಾ ಟೆಸ್ಟನ್ನೂ ಬಿಟ್ಟೆವು. ಆ ರಕ್ತವನ್ನು ಐಸ್‌ನಲ್ಲಿಟ್ಟು ಬೇಗ ಪರೀಕ್ಷೆ ಮಾಡಬೇಕು, ಹೊರಗಿನ ಲ್ಯಾಬ್‌ಗೆ ಕಳಿಸಿದರೆ "ದಾರಿಯಲ್ಲೇ ಸುಳ್ಳು ಹೇಳೋಕೆ ಶುರು ಮಾಡುತ್ತೆ" ಎಂದರು ಡಾಕ್ಟರು.

ದೊಡ್ಡ ಉಳಿತಾಯ ಆದದ್ದು ಒಂದು ಫೋನ್ ಕರೆಯಿಂದ. ಎಲ್ಲರೂ ಹೇಳುವ ಮುಂದಿನ ಹೆಜ್ಜೆ ಅಲ್ಟ್ರಾಸೌಂಡ್. ಅದಕ್ಕೆ ದುಡ್ಡು ಕಟ್ಟುವ ಮೊದಲು, ಆಪರೇಷನ್ ಮಾಡುವ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ಕರೆ ಮಾಡಿ ಕೇಳಿದೆ. ಅಲ್ಟ್ರಾಸೌಂಡ್‌ನಲ್ಲಿ ಶಂಟ್ ಕಂಡರೆ ಅದನ್ನೇ ನೋಡಿ ಆಪರೇಷನ್ ಮಾಡುತ್ತೀರಾ? ಇಲ್ಲ, ಸಿಟಿ ಆಂಜಿಯೊ, ಅಂದರೆ ರಕ್ತನಾಳಗಳು ಕಾಣುವ ಹಾಗೆ ಮಾಡುವ ಸಿಟಿ ಸ್ಕ್ಯಾನ್ ಬೇಕು. ಕಾಣದಿದ್ದರೆ? ಆಗಲೂ ಸಿಟಿ ಬೇಕು. ಅಲ್ಲಿಗೆ ಮುಗಿಯಿತಲ್ಲ! ನೇರ ಸಿಟಿಗೆ ಹೋದೆವು. ಆಪರೇಷನ್ ಬೇಡ, ಬರೀ ಔಷಧಿ ಎಂದು ನಿರ್ಧರಿಸಿದವರಿಗೆ ಅಥವಾ ಸಿಟಿ ಸಿಗದ ಕಡೆ ಅಲ್ಟ್ರಾಸೌಂಡ್ ಸರಿಯೇ. ಆದರೆ ಅದು ಸ್ಕ್ಯಾನ್ ಮಾಡುವವರ ಕೈಯನ್ನು ಬಹಳ ನೆಚ್ಚಿಕೊಂಡ ಟೆಸ್ಟ್. ಅಕ್ಕಿಕಾಳಿನಷ್ಟು ದಪ್ಪದ ನಾಳವನ್ನು ಹುಡುಕೋದು ಎಲ್ಲರಿಗೂ ಬರಲ್ಲ.

ಕಾಲೇಜಿನ ಆಸ್ಪತ್ರೆಯಲ್ಲಿ ಕಾಯುವುದು ಜಾಸ್ತಿ, ಖರ್ಚು ಕಡಿಮೆ. ನಮಗೆ ಆರು ವಾರದ ನಂತರದ ದಿನ ಸಿಕ್ಕಿತು. ಆ ಆರು ವಾರ ಔಷಧಿ ಮತ್ತು ಊಟ. ಹೇಗಿದ್ದರೂ ಆಪರೇಷನ್‌ಗೆ ಮೊದಲು ಕೆಲವು ವಾರ ನಾಯಿಯನ್ನು ಸ್ಥಿಮಿತಕ್ಕೆ ತರಲೇಬೇಕಂತೆ, ಹಾಗಾಗಿ ಕಾದದ್ದು ದಂಡವಾಗಲಿಲ್ಲ.

ಮುಖ್ಯ ಔಷಧಿ ಲ್ಯಾಕ್ಟುಲೋಸ್. ಮನುಷ್ಯರಿಗೆ ಮಲಬದ್ಧತೆಗೆ ಕೊಡುವ ಅದೇ ಸಿರಪ್. ಯಾವ ಮೆಡಿಕಲ್ ಸ್ಟೋರ್‌ನಲ್ಲೂ ಸಿಗುತ್ತದೆ, ಜೆನೆರಿಕ್ ಸಾಕು. ದೊಡ್ಡ ಕರುಳನ್ನು ಹುಳಿ ಮಾಡಿ ಅಮೋನಿಯಾ ರಕ್ತಕ್ಕೆ ಸೇರದ ಹಾಗೆ ಅಲ್ಲೇ ಹಿಡಿದಿಡುತ್ತದೆ, ಹೊರಗೂ ಬೇಗ ತಳ್ಳುತ್ತದೆ. ಅಳತೆ ಗೊತ್ತಾಗೋದು ಮಲ ನೋಡಿ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಬೇಕು, ನೀರಾದರೆ ಹೆಚ್ಚಾಯಿತು ಎಂದರ್ಥ. ಭೇದಿಯಾಗಿ ಮೈಯಲ್ಲಿ ನೀರು ಕಮ್ಮಿಯಾದರೆ ಮಂಕು ಇನ್ನೂ ಹೆಚ್ಚುತ್ತದೆ. ಅಂಟಂಟು ಸಿರಪ್ ಅವಳ ಗಡ್ಡಕ್ಕೆ ಹತ್ತಿ ಒಣಗಿ ಕಡ್ಡಿಯಾಗುತ್ತಿತ್ತು. ಆರು ವಾರ ನಮ್ಮ ದಿಂಬುಗಳೂ ಹಾಗೇ ಇದ್ದವು. ಸೂಜಿಯಿಲ್ಲದ ಸಿರಿಂಜನ್ನು ಕೆನ್ನೆಯ ಪಕ್ಕದಿಂದ ಒಳಗಿಟ್ಟು ನಿಧಾನ ಒತ್ತಿದರೆ ಅರ್ಧ ರಗಳೆ ತಪ್ಪುತ್ತದೆ. ಜೊತೆಗೆ ಕರುಳಿನ ಬ್ಯಾಕ್ಟೀರಿಯಾ ಕಡಿಮೆ ಮಾಡಲು ಮೆಟ್ರೊನಿಡಜೋಲ್. ಅದನ್ನು ಮಾಮೂಲಿಗಿಂತ ಕಡಿಮೆ ಅಳತೆಯಲ್ಲಿ ಕೊಟ್ಟರು, ಯಾಕೆಂದರೆ ಅದನ್ನು ಕರಗಿಸಬೇಕಾದ್ದೂ ಇದೇ ಲಿವರ್. ಮನುಷ್ಯರ ಸಿರಪ್ ಯಾವುದೇ ಕೊಂಡರೂ ಲೇಬಲ್‌ನಲ್ಲಿ ಜೈಲಿಟಾಲ್ ಇದೆಯಾ ನೋಡಿ. ಸಕ್ಕರೆ ಬದಲು ಹಾಕುವ ಆ ಪದಾರ್ಥ ನಾಯಿಗೆ ವಿಷ, ಲಿವರ್ ಸರಿಯಿದ್ದ ನಾಯಿಗೂ.

ಊಟದಲ್ಲಿ ನಾನು ತಪ್ಪು ಮಾಡಿದೆ. ಪ್ರೋಟೀನ್‌ನಿಂದಲೇ ಅಮೋನಿಯಾ ಅಲ್ವಾ, ಹಾಗಾದರೆ ಪ್ರೋಟೀನೇ ಬೇಡ ಎಂದು ಹೆಚ್ಚುಕಮ್ಮಿ ಬರೀ ಅನ್ನ, ಗೆಣಸು ಕೊಟ್ಟೆ. ಮಂಕು ಕಮ್ಮಿಯಾಯಿತು, ಖುಷಿಪಟ್ಟೆ. ಎರಡು ವಾರಕ್ಕೆ ಅವಳ ಬೆನ್ನೆಲುಬು ಕೈಗೆ ಸಿಗತೊಡಗಿತು. ತೂಕ 1.6ಕ್ಕೆ ಇಳಿದಿತ್ತು. ಡಾಕ್ಟರಿಂದ ಬೈಗುಳ ತಿಂದೆ. ಅಮೋನಿಯಾವನ್ನು ಸ್ವಲ್ಪ ಮಟ್ಟಿಗೆ ಸ್ನಾಯುಗಳೂ ನಿಭಾಯಿಸುತ್ತವೆ. ಸ್ನಾಯು ಕರಗಿಸಿದರೆ ಆ ಸಹಾಯವೂ ಹೋಯಿತು. ಮಾಂಸದ ಬದಲು ಮೊಟ್ಟೆ, ಹಾಲಿನ ಮತ್ತು ಸೋಯಾ ಪ್ರೋಟೀನ್, ದಿನಕ್ಕೆ ನಾಲ್ಕು ಸಣ್ಣ ಊಟ ಎಂದು ಬದಲಿಸಿದರು. ಲಿವರ್ ಕಾಯಿಲೆಗೆಂದೇ ಬರುವ ಡಬ್ಬಿ ಆಹಾರ ದುಬಾರಿ. ನಾನು ಅರ್ಧ ಅದು, ಅರ್ಧ ಮನೆಯದು ಮಾಡಿದೆ. ಮನೆಯ ಅರ್ಧವನ್ನೂ ಡಾಕ್ಟರೇ ತೂಕ ಹಾಕಿ ಬರೆದುಕೊಟ್ಟಿದ್ದು, ನನ್ನ ಕೈ ಅಳತೆ ಅಲ್ಲ. ಲಿವರ್ ಟಾನಿಕ್ ಎಂದು ಸಿಗುವ ಪುಡಿ, ಮಾತ್ರೆ ಯಾವುದನ್ನೂ ಕೊಳ್ಳಲಿಲ್ಲ. ಅದೇ ಪ್ರಶ್ನೆ ಕೇಳಿದೆ, ಉತ್ತರ ಸಿಗಲಿಲ್ಲ.

ಈ ಹಂತದಲ್ಲೇ ನಿಲ್ಲಿಸಬಹುದಾ ಎಂದೂ ಕೇಳಿದೆ. ಕೆಲವು ನಾಯಿಗಳು, ಅದರಲ್ಲೂ ವಯಸ್ಸಾದಮೇಲೆ ಗೊತ್ತಾದವು, ಔಷಧಿ ಊಟದಲ್ಲೇ ವರ್ಷಗಟ್ಟಲೆ ಚೆನ್ನಾಗಿರುತ್ತವೆ. ದುಡ್ಡಿಲ್ಲದೆ ಆ ದಾರಿ ಹಿಡಿದವರು ತಪ್ಪು ಮಾಡಿದ ಹಾಗೆ ಕೊರಗಬೇಕಿಲ್ಲ. ಆದರೆ ಒಟ್ಟಾರೆ ಹೋಲಿಸಿದಾಗ ಆಪರೇಷನ್ ಆದ ನಾಯಿಗಳೇ ಹೆಚ್ಚು ಕಾಲ ಬದುಕಿವೆ. ಚುಕ್ಕಿಗೆ ಒಂದು ವರ್ಷವೂ ಆಗಿರಲಿಲ್ಲ.

ಎಸ್ಟಿಮೇಟ್ ಬಂದಾಗ ಒಂದೇ ಮೊತ್ತ ಬರೆದಿತ್ತು. ಬಿಡಿಬಿಡಿಯಾಗಿ ಕೇಳಿದೆ. ಕೊಟ್ಟರು. ಒಂದು ತಿಂಗಳ ಹಿಂದೆ ಮಾಡಿಸಿದ್ದ ಕೆಲವು ಟೆಸ್ಟ್ ಮತ್ತೆ ಇದ್ದವು. ಹಳೇ ರಿಪೋರ್ಟ್ ಕಳಿಸಿದ ಮೇಲೆ ಎರಡನ್ನು ತೆಗೆದರು. ಸಿಟಿ ಮತ್ತು ಆಪರೇಷನ್ ಒಂದೇ ಭೇಟಿಯಲ್ಲಿ ಆದವು. ಮರಿ ಆಗದ ಹಾಗೆ ಮಾಡುವ ಆಪರೇಷನ್ನೂ ಅದೇ ಅರಿವಳಿಕೆಯಲ್ಲಿ ಮುಗಿಯಿತು. ಇದು ವಂಶದಲ್ಲಿ ಬರುವ ತೊಂದರೆ ಆದ್ದರಿಂದ ಅದು ಹೇಗೂ ಬೇಕಿತ್ತು. ಮರಿ ಕೊಟ್ಟವರಿಗೂ ರಿಪೋರ್ಟ್ ಕಳಿಸಿದೆ. ಮೊದಲು ಫೋನೇ ಎತ್ತಲಿಲ್ಲ. ಅಣ್ಣನನ್ನೂ ಪರೀಕ್ಷೆ ಮಾಡಿಸಿ ಎಂದು ಬರೆದಮೇಲೆ ಮರಿಯ ಬೆಲೆಯಲ್ಲಿ ಅರ್ಧ ವಾಪಸ್ ಬಂತು. ಎಸ್ಟಿಮೇಟ್‌ನಲ್ಲಿ ನಾನು ಮುಟ್ಟದೇ ಬಿಟ್ಟ ಸಾಲು ಒಂದೇ, ಆಪರೇಷನ್ ನಂತರದ ರಾತ್ರಿಗಳು. ಎರಡು ದಿನ ಹೆಚ್ಚಾದರೆ ಎಷ್ಟಾಗುತ್ತದೆ ಎಂದು ಕೇಳಿ, ಆ ದುಡ್ಡನ್ನು ಬೇರೆಯೇ ತೆಗೆದಿಟ್ಟೆ.

ಅಡ್ಡದಾರಿಯನ್ನು ಸಾಮಾನ್ಯವಾಗಿ ಒಂದೇ ಏಟಿಗೆ ಮುಚ್ಚುವ ಹಾಗಿಲ್ಲ. ಒಣಗಿದ ಕಾಲುವೆಗೆ ಪೂರ್ತಿ ನೀರು ಬಿಟ್ಟ ಹಾಗೆ, ಬೆಳೆಯದ ಲಿವರ್ ಆ ಒತ್ತಡ ತಡೆಯಲ್ಲ. ಅದಕ್ಕೆ ನಿಧಾನವಾಗಿ ಮುಚ್ಚುವ ಉಪಾಯಗಳಿವೆ. ಒಂದು ಅಮೆರಾಯ್ಡ್ ಅನ್ನುವ ಉಂಗುರ. ಒಳಗೆ ಹಾಲಿನ ಕೇಸಿನ್, ಹೊರಗೆ ಲೋಹ. ಕೇಸಿನ್ ನೀರು ಕುಡಿದು ಉಬ್ಬುತ್ತಾ ಕೆಲವು ವಾರಗಳಲ್ಲಿ ನಾಳವನ್ನು ಬಿಗಿಯುತ್ತದೆ. ಇನ್ನೊಂದು ಸೆಲೊಫೇನ್ ಪಟ್ಟಿ. ಅದನ್ನು ಸುತ್ತಿದ ಜಾಗದಲ್ಲಿ ಮೈ ತಾನೇ ಗಾಯದ ಅಂಗಾಂಶ ಬೆಳೆಸಿ ಮುಚ್ಚುತ್ತದೆ. ಪಟ್ಟಿ ಅಗ್ಗ. ಆದರೆ ನಾನು ಕೇಳಿದ್ದು ಬೆಲೆಯನ್ನಲ್ಲ, ನಿಮ್ಮ ಕೈಗೆ ಯಾವುದು ಜಾಸ್ತಿ ಪಳಗಿದೆ ಎಂದು. ಸರ್ಜನ್ ಪಟ್ಟಿ ಎಂದರು, ಸರಿ ಎಂದೆ. ಉಂಗುರ ಎಂದಿದ್ದರೂ ಸರಿ ಎನ್ನುತ್ತಿದ್ದೆ.

ಮೂರು ರಾತ್ರಿ ಆಸ್ಪತ್ರೆಯಲ್ಲಿ. ಸಕ್ಕರೆ ಇಳಿಯುತ್ತಾ, ಹೊಟ್ಟೆ ಉಬ್ಬುತ್ತಾ, ಫಿಟ್ಸ್ ಬರುತ್ತಾ ಎಂದು ನೋಡುತ್ತಿದ್ದರು. ಶಂಟ್ ಮುಚ್ಚಿದ ಮೊದಲ ಕೆಲವು ದಿನಗಳಲ್ಲಿ ಬರುವ ಫಿಟ್ಸ್ ಬಹಳ ಕೆಟ್ಟದ್ದು. ಮೊದಲೇ ಲೆವೆಟಿರಾಸಿಟಮ್ ಅನ್ನುವ ಫಿಟ್ಸ್ ಔಷಧಿ ಕೊಡಲು ಶುರು ಮಾಡಿದ್ದರು. ಎರಡನೇ ರಾತ್ರಿ ಸಕ್ಕರೆ ಇಳಿಯಿತು, ಡ್ರಿಪ್‌ನಲ್ಲೇ ಸರಿಮಾಡಿದರು. ಮನೆಯಲ್ಲಿದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಮನೆಗೆ ಬಂದಮೇಲೂ ಸಿರಪ್, ಊಟದ ಪಥ್ಯ ಹಾಗೇ ನಡೆಯಿತು. ಮೂರು ತಿಂಗಳಿಗೆ ಆಲ್ಬುಮಿನ್, ಯೂರಿಯಾ ಎರಡೂ ಸರಿಯಾದ ಮಟ್ಟಕ್ಕೆ ಬಂದಿದ್ದವು. ಬೈಲ್ ಆಸಿಡ್ ಊಟದ ನಂತರ 41. ಇನ್ನೂ ಜಾಸ್ತಿ ಇದೆಯಲ್ಲ ಎಂದು ಗಾಬರಿಯಾದೆ. ಚೆನ್ನಾಗಿರುವ ಎಷ್ಟೋ ನಾಯಿಗಳಲ್ಲಿ ಅದು ಸ್ವಲ್ಪ ಮೇಲೇ ಉಳಿಯುತ್ತದಂತೆ. ಮೊದಲು ಮೆಟ್ರೊನಿಡಜೋಲ್ ನಿಂತಿತು, ಆಮೇಲೆ ಫಿಟ್ಸ್ ಔಷಧಿ ಸ್ವಲ್ಪಸ್ವಲ್ಪವಾಗಿ, ಕೊನೆಗೆ ಲ್ಯಾಕ್ಟುಲೋಸ್. ತೂಕ ಈಗ 2.4 ಕಿಲೊ. ಅಣ್ಣನಷ್ಟು ಆಗಲಾರಳು, ಆದರೆ ಗೋಡೆಗೆ ಹಣೆ ಒತ್ತಿ ನಿಂತದ್ದನ್ನು ನಾವು ಮತ್ತೆ ನೋಡಿಲ್ಲ.

ಮೊನ್ನೆ ತಪಾಸಣೆಗೆ ಹೋದಾಗ ಬೈಲ್ ಆಸಿಡ್ ಮತ್ತೆ ಮಾಡಿಸಬೇಕಾ ಎಂದು ಕೇಳಲು ಬಾಯಿ ತೆರೆದಿದ್ದೆ. ಡಾಕ್ಟರೇ ಮೊದಲು ಕೈ ಅಡ್ಡ ಹಿಡಿದರು. "ಬೇಡ. ಹೇಗೆ ಬಂದರೂ ಈಗ ನಾನು ಮಾಡೋದು ಬದಲಾಗಲ್ಲ. ಮೂತ್ರ ಮಾತ್ರ ತನ್ನಿ. ಸೌಟು ಇದೆ ತಾನೇ?"