ಪೊರೆಯ ಲಿಪಿಡ್ ಮತ್ತು ಆಕ್ಟಿನ್ ಹಂದರ: ಚಿಕ್ಕದೊಂದು ಗಣಿತ ಮಾದರಿ ಕಟ್ಟುವ ಕ್ರಮ

ಕೋಶಪೊರೆಯ ಒಳಪದರದಲ್ಲಿ ಪಿಪ್-2 ಎಂಬ ಲಿಪಿಡ್‌ನ (ಕೊಬ್ಬಿನ ಜಾತಿಯ ಅಣುವಿನ) ಪಾಲು ಸುಮಾರು ಶೇ. 1 ಮಾತ್ರ. ಆದರೂ ಕೋಶದ ಹಂದರವಾಗಿರುವ ಆಕ್ಟಿನ್ ಪ್ರೋಟೀನಿನ ಎಳೆಗಳನ್ನು ತುಂಡರಿಸುವ ಕೋಫಿಲಿನ್ ಪ್ರೋಟೀನನ್ನು ಅದು ಪೊರೆಗೆ ಅಂಟಿಸಿಕೊಂಡು ಸುಮ್ಮನಿರಿಸುತ್ತದೆ. ಲಿಪಿಡ್‌ಗಳು ಕೋಶದ ಹಂದರವನ್ನು ನಿಯಂತ್ರಿಸುವ ಎಲ್ಲ ದಾರಿಗಳನ್ನೂ ಒಂದೇ ಮಾದರಿಯಲ್ಲಿ ತುರುಕುವ ಬದಲು, ಫಾಸ್ಫೊಲೈಪೇಸ್-ಸಿ ಕಿಣ್ವವು ಪಿಪ್-2 ಅನ್ನು ಒಡೆದಾಗ ಎಷ್ಟು ಕೋಫಿಲಿನ್ ಬಿಡುಗಡೆಯಾಗುತ್ತದೆ ಎಂಬ ಒಂದು ಪ್ರಶ್ನೆಯಿಂದ ಆರಂಭಿಸುವುದು ಒಳ್ಳೆಯದು.

ಚರಾಂಶಗಳು ಮೂರು ಸಾಕು: ಬಿಡಿ ಲಿಪಿಡ್ (ಲ), ಬಿಡಿ ಕೋಫಿಲಿನ್ (ಕ), ಇವೆರಡರ ಜೋಡಿ (ಜ). ಜೋಡಿಯ ಬದಲಾವಣೆಯ ದರವೆಂದರೆ, ಸೇರುವ ಸ್ಥಿರಾಂಕ × ಲ × ಕ ಎಂಬುದರಿಂದ ಬಿಡುವ ಸ್ಥಿರಾಂಕ × ಜ ಎಂಬುದನ್ನು ಕಳೆದದ್ದು. ಕಿಣ್ವವು ಬಿಡಿ ಲಿಪಿಡನ್ನು ಮಾತ್ರ ಒಡೆಯುತ್ತದೆ ಎಂದು ಊಹಿಸಿದರೆ, ಲಿಪಿಡ್‌ನ ಸಮೀಕರಣಕ್ಕೆ ಉತ್ಪಾದನೆ ಮತ್ತು ವಿಭಜನೆಯ ಪದಗಳನ್ನು ಸೇರಿಸಬೇಕಾಗುತ್ತದೆ.

ಹೆಚ್ಚಿನ ಎಡವಟ್ಟು ಆಗುವುದು ಏಕಮಾನಗಳಲ್ಲಿ, ಏಕೆಂದರೆ ಲಿಪಿಡ್ ಇರುವುದು ಮೇಲ್ಮೈಯಲ್ಲಿ, ಕೋಫಿಲಿನ್ ಇರುವುದು ಕೋಶದೊಳಗಿನ ಗಾತ್ರದಲ್ಲಿ (ಘನ ಅಳತೆಯಲ್ಲಿ). ಒಂದು ಲಿಪಿಡ್ ಸುಮಾರು 0.65 ಚದರ ನ್ಯಾನೊಮೀಟರ್ ಜಾಗ ಹಿಡಿಯುತ್ತದೆಂದು ಇಟ್ಟುಕೊಂಡರೆ, ಒಳಪದರದ ಒಂದು ಚದರ ಮೈಕ್ರಾನ್‌ನಲ್ಲಿ 15 ಲಕ್ಷ ಲಿಪಿಡ್‌ಗಳೂ ಅವುಗಳ ಶೇ. 1ರಂತೆ 15,000 ಪಿಪ್-2 ಅಣುಗಳೂ ಇರುತ್ತವೆ. 10 ಮೈಕ್ರಾನ್ ತ್ರಿಜ್ಯದ ಗೋಳಾಕಾರದ ಕೋಶದಲ್ಲಿ ಗಾತ್ರ ಮತ್ತು ಮೇಲ್ಮೈಗಳ ಅನುಪಾತ 3.3 ಮೈಕ್ರಾನ್, ಆದ್ದರಿಂದ 1 ಮೈಕ್ರೊಮೋಲಾರ್ ಸಾರತೆಯೆಂದರೆ (ಘನ ಮೈಕ್ರಾನ್‌ಗೆ ಸುಮಾರು 600 ಅಣು) ಪ್ರತಿ ಚದರ ಮೈಕ್ರಾನ್ ಪೊರೆಗೆ ಸುಮಾರು 2,000 ಅಣುಗಳು. ಕೋಫಿಲಿನ್ 10 ಮೈಕ್ರೊಮೋಲಾರ್ ಇದ್ದರೆ ಆ ಲೆಕ್ಕ 20,000 ಆಗಿ, ಪಿಪ್-2 ಸಂಖ್ಯೆಯನ್ನೇ ಮೀರುತ್ತದೆ. ಒಂದಕ್ಕೊಂದು ಜೋಡಿಯಾದರೂ ಎಲ್ಲ ಕೋಫಿಲಿನನ್ನು ಪೊರೆ ಹಿಡಿದಿಡಲಾರದು ಎಂಬುದು ಗಣಕಯಂತ್ರ ಮುಟ್ಟುವ ಮೊದಲೇ ತಿಳಿದುಬಿಡುತ್ತದೆ. ಇಂಥ ಕಾಗದದ ಲೆಕ್ಕ ಬಿಟ್ಟು ನೇರವಾಗಿ ಕೋಡ್ ಬರೆಯುವುದನ್ನು ನಾನು ಒಪ್ಪುವುದಿಲ್ಲ.

ಲಿಪಿಡ್ ಪೊರೆಯ ಉದ್ದಗಲಕ್ಕೆ ಹರಡುವುದನ್ನು, ಅಂದರೆ ವಿಸರಣೆಯನ್ನು, ಮಾದರಿಯಲ್ಲಿ ಸೇರಿಸಬೇಕೇ ಎಂಬುದಕ್ಕೂ ಸರಳ ಒರೆಗಲ್ಲಿದೆ. ವಿಸರಣಾಂಕವನ್ನು (ಹರಡುವ ವೇಗದ ಅಳತೆ) ವಿಭಜನೆಯ ದರದಿಂದ ಭಾಗಿಸಿ ವರ್ಗಮೂಲ ತೆಗೆದರೆ, ಒಡೆಯುವ ಮೊದಲು ಲಿಪಿಡ್ ಸುಮಾರು ಎಷ್ಟು ದೂರ ಹರಡುತ್ತದೆಂದು ತಿಳಿಯುತ್ತದೆ. ವಿಸರಣಾಂಕ ಸೆಕೆಂಡಿಗೆ 1 ಚದರ ಮೈಕ್ರಾನ್ ಮತ್ತು ದರ ಸೆಕೆಂಡಿಗೆ 0.01 ಆದರೆ ಉತ್ತರ 10 ಮೈಕ್ರಾನ್. ಇದು ಕೋಶದ ಅಗಲಕ್ಕಿಂತ ಬಹಳ ಚಿಕ್ಕದಾಗಿದ್ದರೆ ಮಾತ್ರ, ಕಾಲದ ಜೊತೆಗೆ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಆಂಶಿಕ ಅವಕಲ ಸಮೀಕರಣಗಳಿಗೆ ಕೈಹಾಕಿದರೆ ಸಾಕು.

ಪರಿಹಾರ ದೊರೆತ ಮೇಲೆ, ಲಿಪಿಡ್‌ನ ಉತ್ಪಾದನೆ ಮತ್ತು ವಿಭಜನೆಗಳೆರಡನ್ನೂ ಸೊನ್ನೆ ಮಾಡಿ, ಲ ಮತ್ತು ಜ ಇವೆರಡರ ಮೊತ್ತ ಬದಲಾಗದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಪ್ರಯೋಗದ ಚಿತ್ರಗಳೊಂದಿಗೆ ಹೋಲಿಸುವಾಗ, ಪಿಪ್-2 ಗುರುತಿಸಲು ಬಳಸುವ ಹೊಳೆಯುವ ಪ್ರೋಟೀನ್ ಕೂಡ ಅದೇ ಲಿಪಿಡ್‌ಗೆ ಅಂಟಿಕೊಂಡು ಕೋಫಿಲಿನ್‌ನೊಂದಿಗೆ ಪೈಪೋಟಿ ನಡೆಸುವುದರಿಂದ, ಅದಕ್ಕೂ ಪ್ರತ್ಯೇಕ ಸಮೀಕರಣ ಬರೆಯಬೇಕು.