ಬಾಯಿ ಬಿಡದ ಹತ್ತಿ ಹೂ ಕಂಡರೆ ಬಿಡಿಸಿ ನೋಡಿ

ರಾಯಚೂರು ಕಡೆಯ ಹತ್ತಿ ಬೆಳೆಗಾರ ಅಣ್ಣಂದಿರೇ, ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಬೀಜ ಹಾಕಿದ್ದೇವೆ ಅಂತ ಸುಮ್ನೆ ಕೂರಬೇಡಿ. ಹತ್ತಿ ಕಾಯಿ ಕೊರೆದು ತಿನ್ನುವ ಗುಲಾಬಿ ಕಾಯಿಕೊರಕ ಹುಳ ಈಗ ಆ ಬಿಟಿ ವಿಷವನ್ನೂ ತಡೆದುಕೊಳ್ಳುತ್ತದೆ. ಬಿತ್ತಿ 45 ದಿನಕ್ಕೆ, ಈ ಹುಳದ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಕಟ್ಟಿ. ಒಂದೊಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ 3 ದಿನ ಬಿದ್ದರೆ ಔಷಧಿ ಹೊಡೆಯಬೇಕು.

ಹೂವನ್ನೂ ನೋಡುತ್ತಿರಿ. ದಳ ತಿರುಚಿಕೊಂಡು, ಗುಲಾಬಿ ಮೊಗ್ಗಿನಂತೆ ಮುಚ್ಚಿಕೊಂಡ ಹೂ ಸಿಕ್ಕರೆ ಮೆಲ್ಲಗೆ ಬಿಡಿಸಿ. ಕಪ್ಪು ತಲೆಯ ಸಣ್ಣ ಹುಳ ದಳಗಳನ್ನು ನೂಲಿನಿಂದ ಹೊಲಿದುಕೊಂಡು ಒಳಗೇ ಕೂತಿರುತ್ತದೆ. ಅಂಥ ಹೂ ಕಿತ್ತು ನಾಶ ಮಾಡಿ. ಕಾಯಿ ಹೊಕ್ಕ ಮೇಲೆ ಯಾವ ಔಷಧಿಯೂ ಸರಿಯಾಗಿ ತಲುಪಲ್ಲ, ಅಲ್ವಾ?

ಪ್ರತಿ ಸಲ ಒಂದೇ ಔಷಧಿ ಬೇಡ, ಹುಳ ಅದಕ್ಕೂ ಒಗ್ಗಿಕೊಳ್ಳುತ್ತದೆ. ಡಿಸೆಂಬರ್ ದಾಟಿ ಬೆಳೆ ಇಟ್ಟುಕೊಳ್ಳಬೇಡಿ. ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಲೇಬೇಡಿ, ಉಳಿದ ಕಾಯಿಯೊಳಗೇ ಹುಳ ಮುಂದಿನ ಮುಂಗಾರಿಗೆ ಕಾಯುತ್ತಿರುತ್ತದೆ.