ಆಫೀಸಿನಲ್ಲಿ ಬೂಷ್ಟು ಕಂಡರೆ ಮೊದಲು ನೀರು ಹುಡುಕಿ

ಗೋಡೆ ಮೇಲೆ ಬೂಷ್ಟು ಕಂಡ ತಕ್ಷಣ ಹೆಚ್ಚಿನ ಆಫೀಸುಗಳಲ್ಲಿ ನಡೆಯುವುದು ಇಷ್ಟೇ. ಹೌಸ್‌ಕೀಪಿಂಗ್‌ನವರನ್ನು ಕರೆದು ಬ್ಲೀಚ್ ಹಾಕಿ ಒರೆಸುತ್ತಾರೆ. ಕಲೆ ಹೋಗದಿದ್ದರೆ ಮೇಲೊಂದು ಕೋಟ್ ಪೇಂಟ್ ಹೊಡೆಸುತ್ತಾರೆ. ಸ್ವಲ್ಪ ದಿನಕ್ಕೆ ಪೇಂಟ್ ಉಬ್ಬಿ, ಸಿಪ್ಪೆ ಎದ್ದು, ಅದೇ ಜಾಗದಲ್ಲಿ ಅದೇ ಕಪ್ಪು ಚುಕ್ಕೆ. ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗಾಯಿತು, ಅಲ್ವಾ?

ನಾನು ಕಟ್ಟಡಗಳ ಮೇಂಟೆನೆನ್ಸ್ ನೋಡಿಕೊಳ್ಳುವವನು. ಸೋರುವ ಪೈಪು, ಕೆಟ್ಟ ಎಸಿ, ಒದ್ದೆ ಗೋಡೆ, ಇವೇ ನನ್ನ ದಿನದ ಕೆಲಸ. ಕಂಪ್ಲೇಂಟ್ ಕೊಡುವವರ ಸಂಕಟವೂ ಗೊತ್ತು, ಅದು ಯಾಕೆ ಫೈಲಿನಲ್ಲೇ ಉಳಿಯುತ್ತದೆ ಅನ್ನುವುದೂ ಗೊತ್ತು. 'ವಾಸನೆ ಬರ್ತಿದೆ, ಕೆಮ್ಮು ಬರ್ತಿದೆ' ಅಂದರೆ ಮ್ಯಾನೇಜರ್ ರೂಮ್ ಫ್ರೆಶ್ನರ್ ತರಿಸುತ್ತಾರೆ. 'ಇಂಥ ಜಾಗದಲ್ಲಿ ನೀರು ಸೋರುತ್ತಿದೆ, ಅಲ್ಲಿ ಕೂತವರಿಗೆ ಇಂಥ ದಿನ ಹೀಗಾಗುತ್ತಿದೆ' ಅಂದರೆ ಪ್ಲಂಬರ್ ಬರುತ್ತಾನೆ. ನಿಮ್ಮ ಕಂಪ್ಲೇಂಟನ್ನು ಈ ಎರಡನೇ ಥರದ್ದಾಗಿ ಮಾಡುವುದು ಹೇಗೆ ಅಂತ ಹೇಳುತ್ತೇನೆ.

ಬೂಷ್ಟಿನ ಕಣಗಳು ಗಾಳಿಯಲ್ಲಿ ಎಲ್ಲಾ ಕಡೆ ಇರುತ್ತವೆ. ಅವನ್ನು ಪೂರ್ತಿ ಹೊರಗಿಡಲು ಯಾರಿಗೂ ಆಗುವುದಿಲ್ಲ. ತಿನ್ನಲು ಅದಕ್ಕೆ ಕಾಗದ, ರಟ್ಟು, ಪ್ಲೈವುಡ್, ಜಿಪ್ಸಂ ಬೋರ್ಡಿನ ಮೇಲಿನ ಪೇಪರ್, ಕಾರ್ಪೆಟ್ಟಿನ ಧೂಳು ಯಾವುದಾದರೂ ಸಾಕು. ಆಫೀಸಿನಲ್ಲಿ ಇವಕ್ಕೇನು ಬರವೇ? ನಮ್ಮ ಕೈಯಲ್ಲಿರುವುದು ತೇವ ಒಂದೇ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಬೂಷ್ಟು ಬರುವುದಿಲ್ಲ. ಶುಕ್ರವಾರ ಸಂಜೆ ಸೋರಿದ ನೀರನ್ನು ಸೋಮವಾರ ನೋಡಿದರಾಯಿತು ಅಂತ ಬಿಟ್ಟರೆ ಆ ಅವಧಿ ಮುಗಿದೇ ಹೋಗಿರುತ್ತದೆ.

ಎಲ್ಲಿ ನೋಡಬೇಕು

ಮೊದಲು ತಲೆ ಎತ್ತಿ ನೋಡಿ. ಸೀಲಿಂಗ್ ಟೈಲಿನಲ್ಲಿ ಕಂದು ಬಣ್ಣದ ಉಂಗುರ ಇದ್ದರೆ ಅದರ ಮೇಲೆ ನೀರು ಬಿದ್ದಿದೆ ಎಂದೇ ಅರ್ಥ. ಒಂದರೊಳಗೆ ಒಂದು ಉಂಗುರ ಇದ್ದರೆ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗಿದೆ. ಟೈಲ್ ಬದಲಿಸಿ ಸುಮ್ಮನಾಗುವುದು ಸುಲಭ. ಹಾಗೆ ಮಾಡಲು ಬಿಡಬೇಡಿ, ಮೇಲೆ ಯಾವ ಪೈಪಿದೆ ಅಂತ ಕೇಳಿ.

ಹೊರಗೋಡೆಗೆ ಒತ್ತಿ ನಿಲ್ಲಿಸಿದ ಕಬ್ಬಿಣದ ಕಪಾಟುಗಳ ಹಿಂದೆ ಟಾರ್ಚ್ ಬಿಡಿ. ಅಲ್ಲಿ ಗಾಳಿ ಆಡುವುದಿಲ್ಲ, ಗೋಡೆ ತಣ್ಣಗಿರುತ್ತದೆ, ತೇವ ಕೂರುತ್ತದೆ. ಕೆಳಗಿನ ಖಾನೆಯ ಫೈಲುಗಳ ತುದಿ ಉಬ್ಬಿ ಅಲೆಅಲೆಯಾಗಿದ್ದರೆ ಗೋಡೆಯನ್ನೂ ಮುಟ್ಟಿ ನೋಡಿ. ಕಿಟಕಿಯ ಕೆಳಪಟ್ಟಿ, ಪ್ಯಾಂಟ್ರಿ ಸಿಂಕಿನ ಅಡಿ, ನೆಲಮಾಳಿಗೆಯ ಕಾರ್ಪೆಟ್ಟಿನ ಮೂಲೆ, ಇವನ್ನೂ ಬಿಡಬೇಡಿ. ಕಣ್ಣಿಗೆ ಏನೂ ಕಾಣದೆ ಮುಗ್ಗಲು ವಾಸನೆ ಮಾತ್ರ ಬರುತ್ತಿದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೂಷ್ಟು ಒಳಗೆಲ್ಲೋ ಅಡಗಿರಬಹುದು.

ಎಸಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತಂಪು ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಅದು ಕೆಳಗಿನ ಟ್ರೇಗೆ ಬಿದ್ದು, ಸಣ್ಣ ಡ್ರೇನ್ ಪೈಪಿನಿಂದ ಹೊರಗೆ ಹೋಗಬೇಕು. ಪೈಪ್ ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಒಂದು ಆಫೀಸಿನಲ್ಲಿ ಅಕೌಂಟ್ಸ್‌ನ ಒಬ್ಬರು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರು: 'ಸೋಮವಾರ, ಎಸಿ ಹಾಕಿದ ಅರ್ಧ ಗಂಟೆಗೆ ಕೆಮ್ಮು. ಮಧ್ಯಾಹ್ನ ಹೊರಗೆ ಹೋದಾಗ ಇಲ್ಲ. ವಾಪಸ್ ಬಂದ ಮೇಲೆ ಮತ್ತೆ.' ಸೋಮವಾರವೇ ಯಾಕೆ ಅಂತ ಯೋಚಿಸಿ ಅವರ ತಲೆ ಮೇಲಿನ ಯೂನಿಟ್ ತೆಗೆಸಿದೆ. ಟ್ರೇ ತುಂಬಾ ಕಂದು ಲೋಳೆ. ಡ್ರೇನಿನ ಬಾಯಲ್ಲಿ ಅದೇ ಲೋಳೆ ಗಟ್ಟಿಯಾಗಿ ಕೂತಿತ್ತು. ತುಂಬಿ ಹರಿದ ನೀರು ಪೈಪಿನ ಇನ್ಸುಲೇಷನ್ ಹಿಡಿದು ಪಕ್ಕದ ಜಿಪ್ಸಂ ಸೀಲಿಂಗ್ ಮೇಲೆ ಇಳಿದು, ಬೋರ್ಡಿನ ಮೇಲ್ಭಾಗ ಪೂರ್ತಿ ಹಸಿರುಗಪ್ಪಾಗಿತ್ತು. ಕೆಳಗಿನಿಂದ ನೋಡಿದರೆ ಬಿಳಿ ಸೀಲಿಂಗ್, ಒಂದು ಚುಕ್ಕೆಯೂ ಇಲ್ಲ. ವಾರದ ರಜೆಯಲ್ಲಿ ಎಸಿ ನಿಂತಿರುವಾಗ ಆ ನೀರಿನಲ್ಲಿ ಎಲ್ಲಾ ಬೆಳೆಯುತ್ತಿತ್ತು, ಸೋಮವಾರ ಫ್ಯಾನ್ ತಿರುಗಿದ ಕೂಡಲೇ ಕೋಣೆಗೆ ಬರುತ್ತಿತ್ತು. ಆ ಡೈರಿ ಇಲ್ಲದಿದ್ದರೆ ನಾನು ಆ ಯೂನಿಟ್ ಬಿಚ್ಚುತ್ತಲೇ ಇರಲಿಲ್ಲ.

ತೇವ ಅಳೆಯುವ ಸಣ್ಣ ಹೈಗ್ರೋಮೀಟರ್ ಒಂದನ್ನು ಮೇಜಿನ ಮೇಲಿಡಿ. ಒಳಗಿನ ತೇವಾಂಶ ಶೇ. 60ಕ್ಕಿಂತ ಕೆಳಗಿರಬೇಕು. 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಬೆಳಿಗ್ಗೆ ಬಂದ ತಕ್ಷಣ, ಎಸಿ ಹಾಕುವ ಮೊದಲು ನೋಡಿದ ಅಂಕಿಗೆ ಬೆಲೆ ಜಾಸ್ತಿ.

ಮೈಗೆ ಏನಾಗುತ್ತದೆ

ಇಲ್ಲಿ ಎರಡು ಅತಿರೇಕ ನೋಡಿದ್ದೇನೆ. ಕೆಲವರು 'ಬೂಷ್ಟಿನಿಂದ ಏನಾಗುತ್ತೆ ಬಿಡಿ' ಅನ್ನುತ್ತಾರೆ. ಇನ್ನು ಕೆಲವರು ಕಪ್ಪು ಬೂಷ್ಟು ಕಂಡರೆ ಜೀವವೇ ಹೋಯಿತು ಅಂತ ಹೆದರುತ್ತಾರೆ. ತೇವದ ಕಟ್ಟಡಗಳಿಗೂ ಮೂಗು, ಗಂಟಲಿನ ತೊಂದರೆ, ಕೆಮ್ಮು, ಉಬ್ಬಸಕ್ಕೂ ಸಂಬಂಧ ಇದೆ ಎಂದು 2004ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ತಂದಿತು. ಹಾಗಾಗಿ ಇದು ಬರೀ ಮನಸ್ಸಿನ ಭ್ರಮೆ ಅಲ್ಲ. ಆದರೆ ಬಣ್ಣ ನೋಡಿ ಅಪಾಯ ಅಳೆಯಲು ಆಗುವುದಿಲ್ಲ. ಸ್ಟ್ಯಾಕಿಬಾಟ್ರಿಸ್ ಅನ್ನುವ ಕಪ್ಪು ಬೂಷ್ಟಿನ ಹೆಸರು ತುಂಬಾ ಓಡಾಡುತ್ತದೆ. ಅದಕ್ಕೆ ಜಿಪ್ಸಂ ಬೋರ್ಡಿನ ಕಾಗದದಂಥ ವಸ್ತು ಬಹಳ ಕಾಲ ಒದ್ದೆಯಾಗಿಯೇ ಇರಬೇಕು. ಅದು ಸಿಕ್ಕಿತು ಅಂದರೆ ಸೋರಿಕೆ ಹಳೆಯದು ಎಂದು ನನಗೆ ಗೊತ್ತಾಗುತ್ತದೆ. ಯಾವ ಬಣ್ಣದ್ದಾದರೂ ತೆಗೆಯಲೇಬೇಕು.

ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಪಕ್ಕದವರಿಗೆ ಏನೂ ಇಲ್ಲ ಅಂದ ಮಾತ್ರಕ್ಕೆ ನಿಮ್ಮ ಕೆಮ್ಮು ಸುಳ್ಳಲ್ಲ. ಆಸ್ತಮಾ, ಅಲರ್ಜಿ ಇರುವವರಿಗೆ ಬೇಗ ತಾಗುತ್ತದೆ. ಕೀಮೋ ತೆಗೆದುಕೊಳ್ಳುತ್ತಿರುವವರು, ಅಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಆ ಜಾಗದಿಂದ ಮೊದಲೇ ದೂರ ಹೋಗಬೇಕು. ಅವರಿಗೆ ಶ್ವಾಸಕೋಶದಲ್ಲೇ ಬೂಷ್ಟಿನ ಸೋಂಕು ಬೆಳೆಯುವ ಅಪಾಯ ಇದೆ.

ಇನ್ನೊಂದು ಅಪರೂಪದ ತೊಂದರೆ ಇದೆ, ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್, ಅಂದರೆ ಅಲರ್ಜಿಯಂಥ ಪ್ರತಿಕ್ರಿಯೆಯಿಂದ ಶ್ವಾಸಕೋಶ ಊದಿಕೊಳ್ಳುವುದು. ಆ ಗಾಳಿ ಉಸಿರಾಡಿದ ಕೆಲವು ಗಂಟೆ ಬಿಟ್ಟು ಚಳಿ, ಜ್ವರ, ಒಣಕೆಮ್ಮು, ಏದುಸಿರು ಬರುತ್ತದೆ. ಮನೆಗೆ ಹೋದ ಮೇಲೆ ಶುರುವಾಗುವುದರಿಂದ ಆಫೀಸಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನ್ಯುಮೋನಿಯಾ ಅಂತ ಔಷಧಿ ಕೊಟ್ಟು, ಮತ್ತೆ ಮತ್ತೆ ಅದೇ ಆಗುತ್ತಿದ್ದರೆ ಡಾಕ್ಟರಿಗೆ ನಿಮ್ಮ ಕೆಲಸದ ಜಾಗದ ವಿಷಯ ನೀವಾಗಿಯೇ ಹೇಳಿ.

ಬರೆದಿಡಿ

ಒಂದು ಪುಟ್ಟ ಪುಸ್ತಕ ಸಾಕು. ದಿನ, ಸಮಯ, ಕೂತ ಜಾಗ, ಏನಾಯಿತು, ಆಫೀಸಿನಿಂದ ಹೊರಬಂದ ಮೇಲೆ ಎಷ್ಟು ಹೊತ್ತಿಗೆ ಕಡಿಮೆಯಾಯಿತು, ರಜೆ ದಿನ ಹೇಗಿತ್ತು. ರಜೆ ದಿನದ ಸಾಲು ಬಹಳ ಮುಖ್ಯ. ಕೆಲಸದ ದಿನ ಜಾಸ್ತಿ, ರಜೆಯಲ್ಲಿ ಕಡಿಮೆ ಅನ್ನುವುದೇ ಡಾಕ್ಟರ್ ಹುಡುಕುವ ಸುಳಿವು. ಆಸ್ತಮಾ ಅನುಮಾನ ಇದ್ದರೆ ಅವರು ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಪೀಕ್ ಫ್ಲೋ ಮೀಟರ್ ಕೊಟ್ಟು, ಕೆಲಸದ ದಿನಗಳಲ್ಲೂ ರಜೆಯಲ್ಲೂ ದಿನಕ್ಕೆ ಹಲವು ಸಲ ಊದಿ ಅಂಕಿ ಬರೆಯಲು ಹೇಳಬಹುದು. ತಪ್ಪಿಸಬೇಡಿ.

ಪಕ್ಕದ ಪುಟದಲ್ಲಿ ಕಟ್ಟಡದ ಸಂಗತಿ ಬರೆಯಿರಿ: ಮಳೆ ಬಂತಾ, ಎಲ್ಲಿ ಸೋರಿತು, ವಾಸನೆ ಎಲ್ಲಿ ಜಾಸ್ತಿ. ಫೋಟೋ ತೆಗೆಯುವಾಗ ಕಲೆಯ ಪಕ್ಕ ಒಂದು ಪೆನ್ ಇಡಿ, ಅಳತೆ ಗೊತ್ತಾಗಲಿ. ಮುಂದಿನ ವಾರ ಅದೇ ಜಾಗದ ಇನ್ನೊಂದು ಫೋಟೋ.

ಕಂಪ್ಲೇಂಟನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ. ನಾಲ್ಕು ಸಾಲಿನ ಇಮೇಲ್ ಸಾಕು: 'ಎರಡನೇ ಮಹಡಿ, ಉತ್ತರದ ಗೋಡೆ, ಮೂರನೇ ಕಿಟಕಿ ಕೆಳಗೆ ಸುಮಾರು ಎರಡು ಅಡಿ ಅಗಲದ ಬೂಷ್ಟು ಇದೆ. ಮಳೆ ಬಂದ ಮಾರನೇ ದಿನ ಗೋಡೆ ಒದ್ದೆ ಇರುತ್ತದೆ. ಇಲ್ಲಿ ಕೂರುವ ಇಬ್ಬರಿಗೆ ಕೆಮ್ಮು ಇದೆ. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿಸಿ, ಯಾವಾಗ ನೋಡಿಸುತ್ತೀರಿ ಎಂದು ತಿಳಿಸಿ.' ಸಹೋದ್ಯೋಗಿಗಳೂ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಅವರ ಕಾಯಿಲೆ ವಿವರ ಮಾತ್ರ ಅವರನ್ನು ಕೇಳದೆ ಬರೆಯಬೇಡಿ. ಉತ್ತರ ಬರದಿದ್ದರೆ ಸೇಫ್ಟಿ ಕಮಿಟಿಗೆ, ಯೂನಿಯನ್ ಇದ್ದರೆ ಅವರಿಗೆ, ಅಲ್ಲಿಗೂ ಆಗದಿದ್ದರೆ ಕಾರ್ಮಿಕ ಇಲಾಖೆಗೆ ಇದೇ ಇಮೇಲ್ ಕಳಿಸಿ. ರಿಪೇರಿ ತಡವಾದರೆ ಜಾಗ ಬದಲಿಸಿಕೊಡಿ ಅಂತ ಡಾಕ್ಟರ ಚೀಟಿ ಜೊತೆ ಕೇಳಿ.

ಗಾಳಿ ಟೆಸ್ಟ್ ಮಾಡಿಸೋಣ ಅಂತ ಆಡಳಿತದವರು ಹೇಳಬಹುದು. ನನ್ನ ಅಭಿಪ್ರಾಯದಲ್ಲಿ ಆ ದುಡ್ಡು ರಿಪೇರಿಗೆ ಹೋಗಲಿ. ಗಾಳಿಯಲ್ಲಿ ಇಷ್ಟು ಕಣ ಇದ್ದರೆ ಸುರಕ್ಷಿತ, ಇಷ್ಟಾದರೆ ಅಪಾಯ ಅನ್ನುವ ಆರೋಗ್ಯದ ಮಿತಿಯೇ ಇಲ್ಲ. ಬೆಳಿಗ್ಗೆಗೂ ಸಂಜೆಗೂ ಅಂಕಿ ಬದಲಾಗುತ್ತದೆ. ಕಡಿಮೆ ಬಂದರೆ 'ಎಲ್ಲಾ ಸರಿ ಇದೆ' ಅಂತ ಬಾಗಿಲು ಮುಚ್ಚುತ್ತಾರೆ. ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯಾಶ್ (NIOSH) ಸಂಸ್ಥೆಯೂ ಗಾಳಿ ಟೆಸ್ಟ್ ಬದಲು, ಒಂದೊಂದೇ ಕೋಣೆ ಸುತ್ತಿ ಕಲೆ, ತೇವ, ವಾಸನೆ ನೋಡಿ ಬರೆಯುವ ಚೆಕ್‌ಲಿಸ್ಟನ್ನೇ ಬಳಸಲು ಹೇಳುತ್ತದೆ.

ತೆಗೆಯುವಾಗ

ಸೋರಿಕೆ ನಿಂತ ಮೇಲೆಯೇ ಕ್ಲೀನಿಂಗ್. ಸುಮಾರು 10 ಚದರ ಅಡಿಗಿಂತ ಕಡಿಮೆ ಇದ್ದರೆ ತರಬೇತಿ ಇರುವ ಕಟ್ಟಡದ ಸಿಬ್ಬಂದಿಯೇ ಮಾಡಬಹುದು. ಅದಕ್ಕಿಂತ ದೊಡ್ಡದಿದ್ದರೆ, ಅಥವಾ ಎಸಿ ಡಕ್ಟ್ ಒಳಗಿದ್ದರೆ, ಈ ಕೆಲಸ ಗೊತ್ತಿರುವವರನ್ನು ಕರೆಸಬೇಕು. ಅವರು ಆ ಜಾಗಕ್ಕೆ ಪ್ಲಾಸ್ಟಿಕ್ ಕಟ್ಟಿ, ಗಾಳಿ ಹೊರಗೆಳೆದು, ಸೂಕ್ಷ್ಮ ಕಣಗಳನ್ನೂ ಹಿಡಿದಿಡುವ ಫಿಲ್ಟರ್ ಇರುವ ಹೆಪಾ ವ್ಯಾಕ್ಯೂಮ್ ಬಳಸುತ್ತಾರೆ. ಆಸ್ತಮಾ ಇರುವವರು ಆಗ ಅಲ್ಲಿರಬಾರದು, ಕೈ ಹಚ್ಚಲೂಬಾರದು.

ಗಾಜು, ಲೋಹ, ಸೆರಾಮಿಕ್ ಟೈಲ್ ಇದ್ದರೆ ಸೋಪಿನ ನೀರಿನಲ್ಲಿ ಉಜ್ಜಿ ಪೂರ್ತಿ ಒಣಗಿಸಿದರೆ ಸಾಕು. ಬೂಷ್ಟು ಹಿಡಿದ ಜಿಪ್ಸಂ ಬೋರ್ಡ್, ಸೀಲಿಂಗ್ ಟೈಲ್, ಕಾರ್ಪೆಟ್ ಉಳಿಸಲು ಹೋಗಬೇಡಿ. ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಹೊರಹಾಕಿ. ಬ್ಲೀಚ್‌ನಲ್ಲಿ ಸತ್ತ ಬೂಷ್ಟು ಕೂಡ ಅಲರ್ಜಿ ಮಾಡುತ್ತದೆ, ಹಾಗಾಗಿ ಕೊಂದರೆ ಸಾಲದು, ತೆಗೆಯಬೇಕು. ಬ್ಲೀಚನ್ನು ಅಮೋನಿಯಾ ಇರುವ ಕ್ಲೀನರ್ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಗಾಳಿ ಶುದ್ಧ ಮಾಡುತ್ತದೆ ಅಂತ ತರುವ ಓಝೋನ್ ಮೆಷಿನ್ ಜನ ಕೂತಿರುವ ಕಡೆ ಬೇಡವೇ ಬೇಡ. ಒಣ ಬೂಷ್ಟನ್ನು ಪೊರಕೆಯಿಂದ ಗುಡಿಸುವುದು, ಅದರ ಕಡೆ ಫ್ಯಾನ್ ತಿರುಗಿಸುವುದು ಎರಡೂ ಕಣಗಳನ್ನು ಇಡೀ ಮಹಡಿಗೆ ಹರಡುತ್ತವೆ.

ಕೆಲಸ ಮಾಡುವವರಿಗೆ ಎನ್95 ಮಾಸ್ಕ್, ಕೈಗವಸು, ಸುತ್ತ ಮುಚ್ಚುವ ಕನ್ನಡಕ ಬೇಕು. ಸರ್ಜಿಕಲ್ ಮಾಸ್ಕ್ ಮುಖಕ್ಕೆ ಒತ್ತಿ ಕೂರುವುದಿಲ್ಲ, ಅಂಚಿನಿಂದ ಕಣ ಒಳಗೆ ಬರುತ್ತದೆ. ಬರೀ ಬಟ್ಟೆ ಕೊಟ್ಟು ಹೌಸ್‌ಕೀಪಿಂಗ್ ಹುಡುಗರನ್ನು ಕಳಿಸಿದರೆ ನೀವೇ ತಡೆಯಿರಿ. ಅವರು ತಾವಾಗಿ ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ, ಅವರ ಶ್ವಾಸಕೋಶವೂ ನಮ್ಮದರಷ್ಟೇ ಮುಖ್ಯ.

ಕೆಲಸ ಮುಗಿಯಿತು ಅಂತ ಹೇಳಿದ ಮೇಲೂ ಪುಸ್ತಕ ಮುಚ್ಚಬೇಡಿ. ವಾಸನೆ ಇರಬಾರದು, ಗೋಡೆ ಒಣಗಿರಬೇಕು, ನಿಮ್ಮ ಕೆಲಸದ ದಿನದ ಸಾಲೂ ರಜೆ ದಿನದ ಸಾಲೂ ಒಂದೇ ಥರ ಆಗಬೇಕು. ಮೊದಲ ಜೋರು ಮಳೆಯ ಮಾರನೇ ದಿನ ಅದೇ ಜಾಗಕ್ಕೆ ಟಾರ್ಚ್ ಹಿಡಿದು ಹೋಗಿ. ಒದ್ದೆ ಕಂಡರೆ ಹಳೇ ಇಮೇಲಿಗೇ ಹೊಸ ಫೋಟೋ ಸೇರಿಸಿ ಅವತ್ತೇ ಕಳಿಸಿ.